ನೀರು ಹಾಕುವವಳ ಕೂಲಿ

ಈ ಬೇಸಿಗೆಯಲ್ಲಿ ನಮ್ಮ ರಸ್ತೆಗೆ ಫುಟ್‌ಪಾತ್ ಬಂತು. ಶ್ರೀಗಂಧದ ಕಾವಲಿನ ಒಳರಸ್ತೆಗಳಲ್ಲಿ ಅದು ಸಣ್ಣ ಸಂಗತಿಯಲ್ಲ. ಸುಂಕದಕಟ್ಟೆಯ ಬಳಿ ಮಾಗಡಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮನೆಗಳ ಮೆಟ್ಟಿಲು, ಸಂಪಿನ ಮುಚ್ಚಳ, ಸ್ಕೂಟರು, ಅಂಗಡಿಯ ಬೋರ್ಡು ಎಲ್ಲವೂ ರಸ್ತೆಗೇ ಇಳಿದು ಕೂತಿರುತ್ತವೆ. ನಡೆಯುವವರು ಉಳಿದ ಜಾಗದಲ್ಲಿ ದಾರಿ ಮಾಡಿಕೊಳ್ಳಬೇಕು. ಹಾಗಾಗಿ ರೆಡಿಮಿಕ್ಸ್ ಲಾರಿ ಡ್ರಮ್ಮು ತಿರುಗಿಸುತ್ತ ಬಂದು ನಿಂತಾಗ ಇಡೀ ಬೀದಿ ಗೇಟಿಗೆ ಬಂತು.

ಕೆಲಸದವರು ಹಿಂದಿ, ಒಡಿಯಾ ಮಾತಾಡುವ ಹುಡುಗರು. ಬಲು ಚುರುಕು. ಕಾಂಕ್ರೀಟು ಸಲೀಸಾಗಿ ಇಳಿಯುತ್ತಿಲ್ಲವೆಂದು ಒಬ್ಬ ಪೈಪು ಹಿಡಿದು ಡ್ರಮ್ಮಿಗೇ ನೀರು ಬಿಟ್ಟ. ಮಾಲು ತೆಳ್ಳಗಾಗಿ ತಾನಾಗಿಯೇ ಹರಿಯಿತು. ಸಂಜೆಯ ಹೊತ್ತಿಗೆ ರಸ್ತೆಯ ಒಂದು ಮಗ್ಗುಲು ಮುಗಿದು ನುಣ್ಣಗೆ ಕಂಡಿತು. ಮರುದಿನ ಯಾರೂ ಬರಲಿಲ್ಲ. ಏಪ್ರಿಲ್ ಬಿಸಿಲು. ಅದರ ಮರುದಿನವೂ ಬರಲಿಲ್ಲ. ಸೂಪರ್‌ವೈಸರ್ ಹುಡುಗನಿಗೆ ಫೋನು ಮಾಡಿ, "ಏನಪ್ಪಾ, ನೀರು ಹಾಕೋಕೆ ಯಾರೂ ಬರಲ್ವಾ?" ಅಂದೆ. "ರೆಡಿಮಿಕ್ಸ್ ಅಲ್ವಾ ಸಾರ್, ಅದಕ್ಕೆಲ್ಲ ಅಷ್ಟೊಂದು ಬೇಕಾಗಲ್ಲ" ಅಂದ.

ಆ ಮಾತಿಗೆ ನನಗೆ ತಟ್ಟನೆ ನೆನಪಾದದ್ದು ಒಬ್ಬ ಹೆಂಗಸು. ಆಕೆಯ ಹೆಸರು ಒಂದು ಕಾಲಕ್ಕೆ ನಾನು ಬರೆಯುತ್ತಿದ್ದ ಮಸ್ಟರ್ ರೋಲಿನ, ಅಂದರೆ ಕೂಲಿಯಾಳುಗಳ ಹಾಜರಿ ಪಟ್ಟಿಯ, ಕೊನೆಯ ಸಾಲಿನಲ್ಲಿರುತ್ತಿತ್ತು. ಸೈಟಿನಲ್ಲಿ ಎಲ್ಲರೂ ಆಕೆಯನ್ನು ನೀರಕ್ಕ ಅನ್ನುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮಪ್ಪ ಮಾಗಡಿ ಕಡೆಯ ಹಳ್ಳಿ ಬಿಟ್ಟು ಬಂದು ಕಾವಲಿನ ಅಂಚಿನಲ್ಲಿ ಶೀಟಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಆಗ ಔಟರ್ ರಿಂಗ್ ರೋಡು ಇರಲಿಲ್ಲ. ಕಾಮಾಕ್ಷಿಪಾಳ್ಯ ದಾಟಿದರೆ ಬೆಂಗಳೂರು ಮುಗಿದಂತೆಯೇ. ಆಚೆಗೆ ರಾಗಿ ಹೊಲ, ನೀಲಗಿರಿ ತೋಪು, ನಡುನಡುವೆ ಗೂಟ ಹೊಡೆದಿಟ್ಟ ರೆವಿನ್ಯೂ ಸೈಟುಗಳು. ಮಳೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಮಾಗಡಿ ರಸ್ತೆಯವರೆಗೆ ನಡೆದು, ಅಲ್ಲಿ ಬಿ.ಟಿ.ಎಸ್. ಬಸ್ಸು ಹತ್ತಬೇಕು. ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅಪ್ಪ ತಮ್ಮ ಪರಿಚಯದ ಕಂಟ್ರಾಕ್ಟರರ ಹತ್ತಿರ ರೈಟರ್ ಕೆಲಸಕ್ಕೆ ಸೇರಿಸಿದರು. ಬಂದ ಆಳು, ಇಳಿದ ಸಿಮೆಂಟು, ಖರ್ಚಾದ ಜಲ್ಲಿ ಬರೆದಿಡುವ ಕೆಲಸ. ಬರವಣಿಗೆ ಅಂತ ನಾನು ಸಂಬಳ ಪಡೆದದ್ದು ಮೊದಲು ಅಲ್ಲಿಯೇ.

ಕೆಲಸ ಇದ್ದದ್ದು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಬೀದಿಗಳಲ್ಲಿ. ಕಾಲಿಡಲು ಕಲ್ಲಿಲ್ಲದ ಕಡೆಯಿಂದ ಹೋದವನಿಗೆ ಆ ಬೀದಿಗಳು ಬೇರೆ ಊರೇ ಅನ್ನಿಸುತ್ತಿದ್ದವು. ರಾಜಾಜಿನಗರಕ್ಕೆ 1949ರಲ್ಲಿ ಅಡಿಗಲ್ಲು ಬಿದ್ದದ್ದು. ಬಿ.ಡಿ.ಎ. ಹುಟ್ಟಿದ್ದು 1976ರಲ್ಲಿ, ಅದಕ್ಕೂ ಮುಂಚೆ ಇದ್ದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನವರು ಗೆರೆ ಎಳೆದು ಮಾಡಿದ ಬಡಾವಣೆ ಅದು. ರಸ್ತೆ, ಚರಂಡಿ, ನಡೆಯುವ ಜಾಗ ಎಲ್ಲಕ್ಕೂ ಮೊದಲೇ ಲೆಕ್ಕವಿತ್ತು. ಚರಂಡಿಯ ಎರಡು ಗೋಡೆಗಳ ಮೇಲೆ ಚಪ್ಪಡಿ ಹಾಸಿದರೆ ಅದೇ ಫುಟ್‌ಪಾತು.

ನಮ್ಮ ಮೇಸ್ತ್ರಿ ಚಪ್ಪಡಿಯಲ್ಲಿ ಪಳಗಿದವರು. ಹಾರೆ ಕೊಟ್ಟು ಕಲ್ಲನ್ನು ಕೂರಿಸಿದ ಮೇಲೆ ಅದರ ನಾಲ್ಕೂ ಮೂಲೆಯ ಮೇಲೆ ಒಂದೊಂದಾಗಿ ಎರಡೂ ಕಾಲಿಟ್ಟು ನಿಂತು, ಹಿಮ್ಮಡಿಯಿಂದ ಒತ್ತುತ್ತಿದ್ದರು. ಒಂದು ಮೂಲೆಯಲ್ಲಿ 'ಟಕ್' ಅಂದರೆ ಸಾಕು, "ಎತ್ರೋ" ಅನ್ನುವರು. ಮತ್ತೆ ಹಾರೆ, ಮತ್ತೆ ಅಡಿಗೆ ಗಾರೆ. "ಕಲ್ಲು ಮಾತಾಡಬಾರದು ಕಣ್ರೀ ರೈಟ್ರೇ. ಮಾತಾಡೋ ಕಲ್ಲು ಒಂದಿನ ಯಾರದಾದ್ರೂ ಕಾಲು ಮುರಿಯುತ್ತೆ" ಅನ್ನುತ್ತಿದ್ದರು. ಆ ಮನುಷ್ಯನ ಕಿವಿಯನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಹಳೆಯ ಬೆಂಗಳೂರಿನ ಕಲ್ಲು ಫುಟ್‌ಪಾತಿನ ಬಗ್ಗೆ ಈಗ ಹಲವರು ಕಣ್ಣು ತೇವ ಮಾಡಿಕೊಂಡು ಬರೆಯುತ್ತಾರೆ. ನನಗೆ ಅಷ್ಟು ಮೋಹವಿಲ್ಲ. ಚರಂಡಿಯ ಹೂಳೆತ್ತಲು ಬಂದವರು ಚಪ್ಪಡಿ ಎತ್ತುತ್ತಿದ್ದರು. ತಿರುಗಿ ಇಡುವಾಗ ನಮ್ಮ ಮೇಸ್ತ್ರಿಯ ಕಿವಿ ಅವರಿಗಿರುತ್ತಿರಲಿಲ್ಲ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧ ಕಲ್ಲುಗಳು ಮಾತಾಡತೊಡಗುತ್ತಿದ್ದವು. ಸಂದಿಗೆ ಚಪ್ಪಲಿ ಸಿಕ್ಕಿ ಬಿದ್ದವರು, ಒಡೆದ ಚಪ್ಪಡಿಯ ಜಾಗದಲ್ಲಿ ಕತ್ತಲಲ್ಲಿ ಚರಂಡಿಗೇ ಇಳಿದವರು, ಫುಟ್‌ಪಾತು ಬಿಟ್ಟು ಕೋಲೂರಿ ರಸ್ತೆ ಮಧ್ಯೆಯೇ ನಡೆಯುತ್ತಿದ್ದ ಮುದುಕರು, ಎಲ್ಲರನ್ನೂ ಕಂಡಿದ್ದೇನೆ. ಕಲ್ಲು ನೂರು ವರ್ಷ ಬಾಳುತ್ತದೆ, ನಿಜ. ಅದನ್ನು ಕೂರಿಸಿದ ಕೆಲಸ ಅಷ್ಟು ಬಾಳುವುದಿಲ್ಲ.

ಆ ಹೊತ್ತಿಗೆ ನಮಗೆ ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಕಾಂಕ್ರೀಟಿನ ಫುಟ್‌ಪಾತ್ ಮಾಡುವ ಕೆಲಸ ಸಿಕ್ಕಿತು. ಚರಂಡಿ ಬೇರೆ, ನಡೆಯುವ ಪಟ್ಟಿ ಬೇರೆ. ಮೇಸ್ತ್ರಿಗೆ ಕಾಂಕ್ರೀಟಿನ ಮೇಲೆ ಅಷ್ಟು ಭರವಸೆ ಇರಲಿಲ್ಲ. ಆದರೂ ಹಿಡಿದ ಕೆಲಸ ಬಿಡುವವರಲ್ಲ.

ಮೊದಲು ಮಣ್ಣು. ನೀರಿನ ಪೈಪಿಗೆಂದು ಅಗೆದು ಮುಚ್ಚಿದ್ದ ಗುಂಡಿಗಳ ಸಾಲು ಅಲ್ಲಿತ್ತು. ಮುಚ್ಚಿದ ಮಣ್ಣು ಯಾವಾಗಲೂ ಪೊಳ್ಳು. ಅದನ್ನು ಮತ್ತೆ ತೋಡಿಸಿ, ಅರ್ಧ ಅಡಿ ಮಣ್ಣು ಹಾಕುವುದು, ನೀರು ಚಿಮುಕಿಸುವುದು, ದಮ್ಮಸ್ಸು ಹೊಡೆಯುವುದು, ಮತ್ತೆ ಅರ್ಧ ಅಡಿ. ಮೂರ್ನಾಲ್ಕು ದಿನ ಕಳೆದರೂ ಒಂದು ಬಾಂಡ್ಲಿ ಕಾಂಕ್ರೀಟು ಬಿದ್ದಿರಲಿಲ್ಲ. ಕಂಟ್ರಾಕ್ಟರು ಸ್ಕೂಟರಿನಲ್ಲಿ ಬಂದು, "ಏನ್ ಮೇಸ್ತ್ರಿ, ಮಣ್ಣಿಗೆ ಪೂಜೆ ಮಾಡ್ತಾ ಇದ್ದೀರಾ?" ಅಂದರು. ಮೇಸ್ತ್ರಿ ತಲೆ ಎತ್ತದೆ, "ಅದು ಕುಸಿದ್ರೆ ಮೇಲಿಂದು ನಿಲ್ಲುತ್ತಾ ಅಯ್ಯ?" ಅಂದರು. ಆಮೇಲೆ ಕಂಡುಕೊಂಡೆ, ಬಿರುಕು ಬಿಟ್ಟ ಫುಟ್‌ಪಾತುಗಳಲ್ಲಿ ಬಹುಪಾಲು ಕಾಂಕ್ರೀಟಿನ ದೋಷದಿಂದ ಒಡೆದಿರುವುದಿಲ್ಲ. ಅಡಿಯ ಮಣ್ಣು ಇಳಿದು ಮೇಲಿನ ಹಲಗೆ ಆಧಾರ ತಪ್ಪಿ ಮುರಿದಿರುತ್ತದೆ.

ಮಣ್ಣಿನ ಮೇಲೆ ಬೆಡ್ಡು, ಬೆಡ್ಡಿನ ಮೇಲೆ ನಾಲ್ಕಿಂಚು ಕಾಂಕ್ರೀಟು. ಕಾರು ಒಳಹೋಗುವ ಗೇಟಿನ ಮುಂದೆ ಆರಿಂಚು. ರಸ್ತೆಯ ಕಡೆಗೆ ಐವತ್ತಕ್ಕೆ ಒಂದರಂತೆ ಇಳಿಜಾರು, ಅಂದರೆ ಆರಡಿ ಅಗಲಕ್ಕೆ ಒಂದೂವರೆ ಇಂಚಿನಷ್ಟು. ಕಡಿಮೆಯಾದರೆ ನೀರು ನಿಂತು ಪಾಚಿ, ಹೆಚ್ಚಾದರೆ ನಡೆಯುವವರ ಕಾಲು ಒಂದು ಕಡೆಗೆ ಎಳೆಯುತ್ತದೆ. ಐದಡಿಗೊಂದು ಅಡ್ಡಗೆರೆ, ಒಂದಿಂಚು ಆಳಕ್ಕೆ. ಕಾಂಕ್ರೀಟು ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ಎಲ್ಲಾದರೂ ಸೀಳಲೇಬೇಕು. ಗೆರೆ ಕೊಟ್ಟರೆ ಆ ಗೆರೆಯೊಳಗೇ ಸೀಳಿ ಯಾರ ಕಣ್ಣಿಗೂ ಬೀಳದೆ ಇರುತ್ತದೆ. ಕೊಡದಿದ್ದರೆ ತನಗೆ ಬೇಕಾದ ಕಡೆ ಸೀಳುತ್ತದೆ. ಕೊನೆಗೆ, ಮೇಲ್ಮೈ ಇನ್ನೂ ಹಸಿಯಿರುವಾಗ ಕಡ್ಡಿಪೊರಕೆಯನ್ನು ಹಗುರಾಗಿ ಎಳೆಯುವುದು. ಮಳೆಯಲ್ಲಿ ಕಾಲು ಜಾರಬಾರದು. "ಇಷ್ಟು ಚೆನ್ನಾಗಿ ನುಣ್ಣಗೆ ಬಂದಿತ್ತು, ಪೊರಕೆ ಎಳೆದು ಹಾಳುಮಾಡಿದ್ರಿ" ಅಂತ ಮನೆಯವರೊಬ್ಬರು ಜಗಳ ತೆಗೆದದ್ದೂ ಉಂಟು.

ಮೇಸ್ತ್ರಿಗೂ ಬಾಂಡ್ಲಿ ಹೊರುವವರಿಗೂ ದಿನಾ ಜಗಳ ನೀರಿನ ಮೇಲೆ. ಕಲಸುವವರಿಗೆ ನೀರು ಹೆಚ್ಚಿದ್ದರೆ ಸುಲಭ. ಮೇಸ್ತ್ರಿಗೆ ಗಟ್ಟಿ ಬೇಕು. ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಹಾಕಿದ ಮಾಲಿಗೆ 50 ಕೆ.ಜಿ. ಸಿಮೆಂಟಿನ ಮೂಟೆಯೊಂದಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದೆಂದು ಭಾರತೀಯ ಮಾನಕ ಹೇಳುತ್ತದೆ. ಮೇಸ್ತ್ರಿ ಆ ಪುಸ್ತಕ ಓದಿದವರಲ್ಲ. ಮುಷ್ಟಿಯಲ್ಲಿ ಮಾಲು ಹಿಡಿದು ಒತ್ತಿ, ಬೆರಳ ಸಂದಿಯಿಂದ ಎಷ್ಟು ಜಿನುಗಿತು ಅಂತ ನೋಡಿಯೇ ಹೇಳುತ್ತಿದ್ದರು. ಬೇಕಾದದ್ದಕ್ಕಿಂತ ಹೆಚ್ಚು ಹೋದ ನೀರು ಆಮೇಲೆ ಆರಿ, ತಾನಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ತೂತು ಬಿಟ್ಟು ಹೋಗುತ್ತದೆ. ಕಾಂಕ್ರೀಟಿನ ಬಲ ಆ ತೂತುಗಳಲ್ಲೇ ಸೋರುವುದು.

ಇಷ್ಟೆಲ್ಲ ಮುಗಿದು ಗಾರೆಯವರು ಕೈತೊಳೆದು ಹೊರಟ ಮೇಲೆ ನೀರಕ್ಕನ ಕೆಲಸ ಶುರು.

ಆಕೆ ರಾಯಚೂರು ಕಡೆಯವಳು. ವಯಸ್ಸು ಐವತ್ತರ ಮೇಲೆ. ಬಾಂಡ್ಲಿ ಹೊರಲು ಆಗದು ಅಂತ ನೀರಿಗೆ ಹಾಕಿದ್ದರು. ಮರುದಿನ ಬೆಳಿಗ್ಗೆ ಕಾಂಕ್ರೀಟಿನ ಅಂಚಿನಲ್ಲಿ ಬೆರಳಿನಷ್ಟು ಎತ್ತರಕ್ಕೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವಳು. ಇಳಿಜಾರಿನಿಂದ ನೀರು ನಿಲ್ಲದ ಕಡೆ ಖಾಲಿ ಸಿಮೆಂಟಿನ ಗೋಣಿಚೀಲಗಳನ್ನು ಬಿಚ್ಚಿ, ತೋಯಿಸಿ ಹಾಸುವಳು. ಬೀದಿಯ ಕೊನೆಯ ಕೊಳಾಯಿಯಿಂದ ಎರಡು ಕೊಡದಲ್ಲಿ ನೀರು. ಮಧ್ಯಾಹ್ನದ ಬಿಸಿಲಿಗೆ ಗೋಣಿ ಒಣಗುತ್ತ ಬಂದರೆ ಅದರ ಅಂಚು ಮೇಲೆದ್ದು ಸುರುಳಿಯಾಗುತ್ತದೆ. ಆಕೆ ಹೊಂಗೆ ನೆರಳಿನಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದರೂ ಕಣ್ಣು ಆ ಅಂಚಿನ ಮೇಲೇ. ಎದ್ದಿತೋ, ತುತ್ತು ಬಿಟ್ಟು ಕೊಡ ಎತ್ತಿಕೊಳ್ಳುವಳು. "ಉಂಡು ಹೋಗಕ್ಕ" ಅಂದರೆ, "ಇದು ಹಸಿಗೂಸು ತಮ್ಮಾ, ಬಾಯಾರಿಕಿ ಆದ್ರ ಹೇಳಾಕ ಬರಂಗಿಲ್ಲ" ಅನ್ನುವಳು.

ಇಂಜಿನಿಯರಿಂಗ್ ಪುಸ್ತಕಗಳು ಹೇಳುವುದೂ ಅದನ್ನೇ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ. ನೀರಿನ ಜೊತೆ ಕೂಡಿ, ನೀರನ್ನು ತನ್ನೊಳಗೆ ಸೇರಿಸಿಕೊಂಡು. ಆ ಕ್ರಿಯೆ ಮುಗಿಯುವ ಮೊದಲೇ ನೀರು ಆರಿದರೆ ಅದು ಅಲ್ಲಿಗೇ ನಿಂತುಬಿಡುತ್ತದೆ. ಮೇಲ್ಪದರ ಮೊದಲು ಆರುವುದರಿಂದ ಮೊದಲು ಕೆಡುವುದೂ ಅದೇ, ಕಾಲು ಉಜ್ಜಿದರೆ ಪುಡಿ ಏಳುತ್ತದೆ. ಸಾದಾ ಸಿಮೆಂಟಿಗೆ ಕಡೇಪಕ್ಷ 7 ದಿನ, ಹಾರುಬೂದಿ ಅಥವಾ ಸ್ಲಾಗ್ ಬೆರೆತ ಸಿಮೆಂಟಿಗೆ 10 ದಿನ, ಬಿಸಿಲು ಜೋರಾಗಿದ್ದರೆ ಇನ್ನೂ ಹೆಚ್ಚು ದಿನ ತೇವ ಇರಬೇಕೆಂಬುದು ಮಾನಕದ ಮಾತು. ಪೂರ್ತಿ ಬಲಕ್ಕೆ ಲೆಕ್ಕ ಹಿಡಿಯುವುದು 28 ದಿನಕ್ಕೆ.

ಮಸ್ಟರ್ ರೋಲಿನಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ನಾನು ಕೆಲಸ ಮಾಡಿದ ಯಾವ ಸೈಟಿಗೂ ಅದು ಇಳಿದಿರಲಿಲ್ಲ. ನೀರಕ್ಕನದು ಹೆಣ್ಣಾಳಿನ ಕೂಲಿಗಿಂತಲೂ ಕೆಳಗೆ. 'ಅದೇನು ಕೆಲಸ, ನೆರಳಲ್ಲಿ ಕೂತು ಆಗಾಗ ನೀರು ಚೆಲ್ಲೋದು' ಎಂಬುದು ಎಲ್ಲರ ಅಭಿಪ್ರಾಯ. ಮೇಸ್ತ್ರಿಯದೂ ಅದೇ. ಮಣ್ಣಿನ ಬಗ್ಗೆ, ಕಲ್ಲಿನ ಬಗ್ಗೆ ಅಷ್ಟು ಸೂಕ್ಷ್ಮವಿದ್ದ ಆ ಮನುಷ್ಯನಿಗೆ ತನ್ನ ಕೈ ಮುಗಿದ ಮೇಲೆ ನಡೆಯುವುದು ಕೆಲಸ ಅನ್ನಿಸುತ್ತಿರಲಿಲ್ಲ. ಹೆಣ್ಣಾಳುಗಳ ಮೇಲೆ ಅವರ ಬಾಯಿಯೂ ಕೆಟ್ಟದು. ಆಗ ಅದು ಮೇಸ್ತ್ರಿಯ ಗತ್ತು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಅವರ ಕೈಗುಣವನ್ನು ಎಷ್ಟು ಗೌರವಿಸುತ್ತೇನೋ ಅಷ್ಟೇ ಖಚಿತವಾಗಿ ಹೇಳಬಲ್ಲೆ, ಅವರ ಕೆಲಸವನ್ನು ಉಳಿಸಿದ್ದು ಅವರು ಬೈಯುತ್ತಿದ್ದ ಹೆಂಗಸು.

ಅದಕ್ಕೆ ಸಾಕ್ಷಿ ಅದೇ ರಸ್ತೆಯಲ್ಲೇ ಸಿಕ್ಕಿತು. ಒಂದು ಮಗ್ಗುಲು ಮುಗಿದಾಗ ಕಂಟ್ರಾಕ್ಟರಿಗೆ ಬಿಲ್ಲು ತಡವಾಯಿತು. ಖರ್ಚು ಇಳಿಸಬೇಕು ಅಂದಾಗ ಮೊದಲು ಹೊಡೆದುಹಾಕಿದ ಸಾಲು ಮಸ್ಟರಿನ ಕೊನೆಯದು. ಎದುರು ಮಗ್ಗುಲಿಗೆ ಅದೇ ಮೇಸ್ತ್ರಿ, ಅದೇ ಮಾಲು, ಅದೇ ದಮ್ಮಸ್ಸು. ನೀರು ಮಾತ್ರ 'ಮನೆಯವರು ಹಾಕ್ಕೋತಾರೆ ಬಿಡು' ಅಂತ ಆಯಿತು. ಕೆಲವರು ಒಂದೆರಡು ದಿನ ಹಾಕಿದರು, ಹಲವರು ಹಾಕಲಿಲ್ಲ. ವರ್ಷ ತುಂಬುವಷ್ಟರಲ್ಲಿ ಆ ಮಗ್ಗುಲಿನ ಮೇಲ್ಪದರ ಎದ್ದು ಜಲ್ಲಿ ಕಾಣತೊಡಗಿತ್ತು. ನೀರಕ್ಕನ ಮಗ್ಗುಲು ಅಲುಗಲಿಲ್ಲ. ಆ ವ್ಯತ್ಯಾಸವನ್ನು ಗಮನಿಸಿದವರು ಯಾರೂ ಇರಲಿಲ್ಲ, ಏಕೆಂದರೆ ಅಷ್ಟರಲ್ಲಿ ನಾವೆಲ್ಲ ಬೇರೆ ಬೇರೆ ಸೈಟಿನಲ್ಲಿದ್ದೆವು. ನಾನು ನೋಡಿದ್ದು ಆ ದಾರಿಯಲ್ಲಿ ಸ್ನೇಹಿತನ ಮನೆಯಿದ್ದ ಕಾರಣಕ್ಕೆ. ನೀರಕ್ಕ ಎಲ್ಲಿಗೆ ಹೋದಳೋ ತಿಳಿಯಲಿಲ್ಲ. ಕಟ್ಟಡ ಕಾರ್ಮಿಕರಿಗಾಗಿ ಕಾಯ್ದೆ ಬಂದದ್ದು 1996ರಲ್ಲಿ. ಕಾಮಗಾರಿ ವೆಚ್ಚದ ಮೇಲೆ ಶೇ 1 ಸೆಸ್ಸು, ಕಲ್ಯಾಣ ಮಂಡಳಿ, ಗುರುತಿನ ಚೀಟಿ ಎಲ್ಲ ಅದರ ನಂತರದವು. ಆಕೆಯ ಕಾಲಕ್ಕೆ ನನ್ನ ಮಸ್ಟರ್ ರೋಲು ಬಿಟ್ಟರೆ ಬೇರೆ ಕಾಗದವಿರಲಿಲ್ಲ.

ಅಂದಿನಿಂದ ಊರು ಎಷ್ಟೋ ಬದಲಾಗಿದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿ.ಬಿ.ಎಂ.ಪಿ. ಆಯಿತು. 2025ರಲ್ಲಿ ಅದೂ ಹೋಗಿ ಐದು ಪಾಲಿಕೆಗಳಾದವು. ರಾಗಿ ಹೊಲದ ಮೇಲೆ ನಾಲ್ಕಂತಸ್ತಿನ ಮನೆಗಳು ಎದ್ದವು. ಆದರೆ ರೆವಿನ್ಯೂ ಸೈಟು ಮಾಡಿದವರು ಇಪ್ಪತ್ತಡಿ ರಸ್ತೆ ಬಿಟ್ಟದ್ದೇ ಹೆಚ್ಚು, ಅದರಲ್ಲಿ ನಡೆಯುವವರಿಗೆ ಅಂತ ಒಂದಡಿಯನ್ನೂ ಲೆಕ್ಕ ಹಾಕಿರಲಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂತ್ರದ ಪ್ರಕಾರ ವಸತಿ ಬೀದಿಯಲ್ಲೂ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ದಾಟಬಾರದು. ನಮ್ಮ ರಸ್ತೆಯಲ್ಲಿ ಈಗ ಬಂದಿರುವ ಪಟ್ಟಿ ಕೆಲವು ಕಡೆ ಒಬ್ಬರು ನಡೆಯುವಷ್ಟು, ಕೆಲವು ಕಡೆ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಸಾಲುವಷ್ಟು. ಪ್ರತಿ ಗೇಟಿನ ಮುಂದೆ ಕಾರು ಹತ್ತಲೆಂದು ಇಳಿಸಿದ್ದಾರೆ. ನಡೆಯುವವರು ಇಪ್ಪತ್ತು ಹೆಜ್ಜೆಗೊಮ್ಮೆ ಹತ್ತಿ ಇಳಿಯಬೇಕು. ಮಂಡಿ ನೋವಿನ ನನ್ನ ಹೆಂಡತಿ ಮೊದಲಿನ ಹಾಗೆಯೇ ಡಾಂಬರಿನ ಮೇಲೆ ನಡೆಯುತ್ತಾಳೆ. ಫುಟ್‌ಪಾತು ಮಟ್ಟಸವಾಗಿ ಮುಂದುವರಿದು, ಇಳಿಜಾರು ಅದರ ರಸ್ತೆಯಂಚಿನಲ್ಲಷ್ಟೇ ಇದ್ದರೆ ಕಾರೂ ಹತ್ತುತ್ತದೆ, ಕಾಲೂ ಉಳಿಯುತ್ತದೆ.

ಈ ಊರಿಗೆ ಒಳ್ಳೆಯದು ಮಾಡಲು ಬರುವುದಿಲ್ಲ ಅಂತಲ್ಲ. ಟೆಂಡರ್ ಶ್ಯೂರ್ ಹೆಸರಿನಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಗಳನ್ನು ಮಾಡಿದಾಗ ಅಗಲವಾದ ಫುಟ್‌ಪಾತು ಕೊಟ್ಟು, ಕೇಬಲ್ಲು ಪೈಪುಗಳಿಗೆ ಅಡಿಯಲ್ಲೇ ದಾರಿ ಮಾಡಿದರು. ನಾಳೆ ಕೇಬಲ್ಲಿನವರು ಬಂದರೆ ಅಗೆಯಬೇಕಿಲ್ಲ. ಆದರೆ ಅವೆಲ್ಲ ನಡುಪಟ್ಟಣದ ರಸ್ತೆಗಳು. ಬೆಳಿಗ್ಗೆ ಸುಂಕದಕಟ್ಟೆ, ಹೆಗ್ಗನಹಳ್ಳಿಯ ಗಾರ್ಮೆಂಟ್ಸಿಗೆ ಊಟದ ಡಬ್ಬಿ ಹಿಡಿದು ಓಡುವ ಹೆಣ್ಣುಮಕ್ಕಳ ಕಾಲಡಿಗೆ ಅಂಥದ್ದು ಇನ್ನೂ ಬಂದಿಲ್ಲ. ಹೊಸಹಳ್ಳಿಯಿಂದ ಕಡಬಗೆರೆಯವರೆಗೆ ಮಾಗಡಿ ರಸ್ತೆಯುದ್ದಕ್ಕೂ ಮೆಟ್ರೊ ಮಾಡಲು 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದೆ. ನಿಲ್ದಾಣಕ್ಕೆ ಹೋಗುವವರೆಲ್ಲ ನಡೆದೇ ಹೋಗಬೇಕಲ್ಲ. ನಡೆಯಲು ಯೋಗ್ಯವಾದ ಫುಟ್‌ಪಾತು ಸಂವಿಧಾನದ 21ನೇ ವಿಧಿಯಡಿ ಬರುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಹಕ್ಕು ಕಾಗದದಿಂದ ನೆಲಕ್ಕೆ ಬರುವಾಗ ಮಣ್ಣಿನ ಮೇಲೆ, ಸಿಮೆಂಟಿನೊಳಗೆ, ನೀರಿನ ಕೊಡದಲ್ಲಿ ಬರಬೇಕಾಗುತ್ತದೆ.

ನಮ್ಮ ಕಾಲವೇ ಚೆನ್ನಾಗಿತ್ತು ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಾವು ಬಾಂಡ್ಲಿ ಎಣಿಸಿ ಮಾಲು ಕಲಸುತ್ತಿದ್ದೆವು, ಒಂದು ಬಾಂಡ್ಲಿ ಕೋಡು ಕಟ್ಟಿದ್ದರೆ ಇನ್ನೊಂದು ಅರೆಬರೆ. ರೆಡಿಮಿಕ್ಸ್ ಪ್ಲಾಂಟಿನಲ್ಲಿ ಎಲ್ಲವನ್ನೂ ತೂಗಿ ಹಾಕುತ್ತಾರೆ. ಮಾಲಿನ ಮಟ್ಟಿಗೆ ಇಂದಿನದು ಖಂಡಿತ ಮೇಲು. ಕೆಡುವುದು ಪೈಪು ಹಿಡಿದು ಡ್ರಮ್ಮಿಗೆ ನೀರು ಬಿಡುವ ಆ ಐದು ನಿಮಿಷದಲ್ಲಿ, ಆಮೇಲೆ ಯಾರೂ ಬಾರದ ಆ ಹತ್ತು ದಿನದಲ್ಲಿ. ಮೊದಲು ನೀರು ಹೆಚ್ಚು, ಆಮೇಲೆ ನೀರೇ ಇಲ್ಲ. ಸಿಮೆಂಟು ಪ್ಲಾಸ್ಟಿಕ್ ಚೀಲಕ್ಕೆ ಬಂದ ಮೇಲೆ ತೋಯಿಸಿ ಹಾಸಲು ಗೋಣಿಯೂ ಸೈಟಿನಲ್ಲಿ ಸಿಗದು, ಕೊಂಡು ತರಬೇಕು. ದರಪಟ್ಟಿ ತೆಗೆದು ನೋಡಿ, ಕಾಂಕ್ರೀಟಿನ ಬಾಬಿನ ವಿವರಣೆಯ ಬಾಲದಲ್ಲಿ 'ಕ್ಯೂರಿಂಗ್ ಸೇರಿ' ಅಂತ ಇರುತ್ತದೆ. ಕ್ಯೂರಿಂಗ್ ಅಂದರೆ ಈ ನೀರು ಹಾಕುವ ಕೆಲಸವೇ. ಸೇರಿ ಅಂದಮೇಲೆ ಅದಕ್ಕೆ ಬೇರೆ ಹಣವಿಲ್ಲ. ಬೇರೆ ಹಣವಿಲ್ಲದ ಕೆಲಸವನ್ನು ಮಾಡಿಸಿದರೆ ಕಂಟ್ರಾಕ್ಟರಿಗೆ ನಷ್ಟ, ಬಿಟ್ಟರೆ ಲಾಭ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಬರೆಯುತ್ತಾರೆ. ಎಷ್ಟು ದಿನ ತೇವವಿತ್ತು ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ.

ಅಧಿಕಾರಿಗಳಲ್ಲಿ ನಾನು ಕೇಳುವುದು ಒಂದೇ. ನೀರು ಹಾಕುವ ಕೆಲಸವನ್ನು ಬೇರೆ ಬಾಬಾಗಿ ಮಾಡಿ, ಅದಕ್ಕೊಂದು ದರ ಕಟ್ಟಿ, ಒಬ್ಬ ಆಳನ್ನು ಗೊತ್ತುಮಾಡಿ, ಗಾರೆಯವರಿಗೆ ಸಮನಾಗಿ ಕೂಲಿ ಕೊಡಿ. ಹತ್ತು ದಿನದ ಲೆಕ್ಕ ತೋರಿಸಿದ ಮೇಲೆಯೇ ಬಿಲ್ಲು ಪಾಸು ಮಾಡಿ. ಇಡೀ ಕಾಮಗಾರಿಯ ಖರ್ಚಿನಲ್ಲಿ ಅದು ಚಿಲ್ಲರೆ ಹಣ.

ಓದುಗರಿಗೂ ಒಂದು ಮಾತು. ನಿಮ್ಮ ಮನೆ ಮುಂದೆ ಫುಟ್‌ಪಾತಿನ ಕೆಲಸ ನಡೆಯುವಾಗ ಅಡಿಯ ಮಣ್ಣಿಗೆ ದಮ್ಮಸ್ಸು ಹೊಡೆದರೋ ನೋಡಿ, ಲಾರಿಯ ಡ್ರಮ್ಮಿಗೆ ನೀರು ಬಿಡುವುದನ್ನು ತಡೆಯಿರಿ, ಐದಡಿಗೊಂದು ಗೆರೆ ಕೇಳಿ. ಮರುದಿನ ಯಾರೂ ಬಾರದಿದ್ದರೆ ಫೋನು ಮಾಡಿ, ಜಗಳ ಮಾಡಿ, ಫೋಟೊ ತೆಗೆದು ವಾರ್ಡಿನ ಇಂಜಿನಿಯರಿಗೆ ಕಳಿಸಿ. ಜಗಳ ಗೆಲ್ಲುವವರೆಗೆ ಕಾಂಕ್ರೀಟು ಕಾಯುವುದಿಲ್ಲ. ಅಲ್ಲಿಯವರೆಗೆ ಎರಡು ಹಳೆಯ ಗೋಣಿ ತೋಯಿಸಿ ಹಾಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಬಕೆಟ್ ನೀರು ಹಾಕಿ. ಬಟ್ಟೆ ಒಗೆದ ಸೋಪಿನ ನೀರು ಬೇಡ. ಹತ್ತು ದಿನ.